ಅತ್ತೆಯ ಕೌದಿಗೆ ಒಂದು ಮಷೀನು

ನಗಬಾರದ ಹೊತ್ತಿನಲ್ಲಿ ನಗು ಬರುವಂಥ ಪ್ರಸಂಗಗಳು ಎಲ್ಲರ ಮನೆಯಲ್ಲೂ ಆಗುತ್ತಿರುತ್ತವೆ. ನಮ್ಮ ಮನೆಯಲ್ಲಿ ಮಾತ್ರ ಅವು ಸೂಜಿ ದಾರ ಇರುವ ಜಾಗವನ್ನೇ ಹುಡುಕಿಕೊಂಡು ಬರುತ್ತವೆ. ನಾನು ರಾಯದುರ್ಗದ ಜೀನ್ಸ್ ಯೂನಿಟ್ಟೊಂದರಲ್ಲಿ ಇಪ್ಪತ್ತೈದು ವರ್ಷ ಪ್ಯಾಂಟು ಹೊಲಿದವಳು. ನಮ್ಮ ಅತ್ತೆ ಅದಕ್ಕೂ ಎಷ್ಟೋ ಮೊದಲಿನಿಂದ ಕೌದಿ ಹೊಲಿಯುವವರು. ಹಳೆಯ ಸೀರೆಗಳನ್ನು ಒಂದರ ಮೇಲೊಂದು ಹಾಸಿ, ಅಂಚಿನಿಂದ ಶುರುಮಾಡಿ ಸುತ್ತುತ್ತ ಸುತ್ತುತ್ತ ನಡುವಿನ ತನಕ ಕೈಹೊಲಿಗೆ ಹಾಕಿಕೊಂಡು ಬರುವುದು ಅವರ ಕ್ರಮ. ಕೋಟೆ ಬೆಟ್ಟದ ಕೆಳಗಿನ ನಮ್ಮ ಓಣಿಯಲ್ಲಿ ಅವರ ಕೌದಿಯ ಮೇಲೆ ಮಲಗದೆ ಬೆಳೆದ ಮಕ್ಕಳು ಕಡಿಮೆ.

ಈಗ ಹೇಳುವುದೆಲ್ಲ ಅಂಥ ಒಂದು ಕೌದಿಯ ಸುತ್ತ ನಡೆದದ್ದು. ಆದರೆ ಮೊದಲು ನನ್ನ ಮಾನ ನಾನೇ ಕಳೆದುಕೊಂಡುಬಿಡುತ್ತೇನೆ. ಆಮೇಲೆ ಬೇರೆಯವರ ಸರದಿ.

ಬಾಯಿ ಮುಚ್ಚಿದ ಜೇಬು

ಮದುವೆಯಾಗಿ ಬಂದ ಹೊಸದರಲ್ಲಿ ಅತ್ತೆ ನನಗೆ ಕೌದಿ ಕಲಿಸಿದರು. ಕಲಿಸುವಾಗ ಒಂದೇ ಮಾತನ್ನು ದಿನಕ್ಕೆ ಹತ್ತು ಸಲ ಹೇಳುತ್ತಿದ್ದರು. "ತುಂಡು ಹಚ್ಚಿದ್ರ ನಾಕೂ ಕಡಿ ಹೊಲಿಬೇಕವಾ. ಒಂದು ಕಡಿ ಬಾಯಿ ಬಿಟ್ರೂ ಕೂಸಿನ ಬೆರಳು ಸಿಗಾಕ್ಕಂತಾವು."

ಆ ಪಾಠ ತಲೆಯಲ್ಲಿ ಗಟ್ಟಿಯಾಗಿ ಕೂತ ಮೇಲೆ ನಾನು ಯೂನಿಟ್ಟಿಗೆ ಸೇರಿದೆ. ಮೊದಲ ದಿನ ಮೇಸ್ತ್ರಿ ಒಂದು ಕಟ್ಟು ಪ್ಯಾಂಟು ಕೊಟ್ಟು, ಹಿಂದಿನ ಜೇಬು ಕೂರಿಸಲು ಹೇಳಿ ಹೋದರು. ಜೇಬೆಂದರೆ ಬಟ್ಟೆಯ ಮೇಲೆ ಹಚ್ಚುವ ಒಂದು ತುಂಡು. ತುಂಡು ಹಚ್ಚುವುದು ನನಗೆ ಗೊತ್ತಿಲ್ಲದ ಕೆಲಸವೇ? ಮಧ್ಯಾಹ್ನದ ಊಟಕ್ಕೆ ಮೊದಲೇ ಇಡೀ ಕಟ್ಟು ಮುಗಿಸಿ, ಎಲ್ಲರಿಗಿಂತ ಬೇಗ ಮುಗಿಸಿದೆ ಎಂದು ಜಂಬದಿಂದ ಕೂತಿದ್ದೆ. ಮೇಸ್ತ್ರಿ ಬಂದು ಒಂದು ಪ್ಯಾಂಟು ಎತ್ತಿ, ಜೇಬಿನೊಳಗೆ ಕೈ ಹಾಕಲು ಹೋದರು. ಕೈ ಹೋಗಲಿಲ್ಲ. ಇನ್ನೊಂದು ಎತ್ತಿದರು, ಅದೂ ಅಷ್ಟೇ.

"ಏನವಾ ಇದು? ಮ್ಯಾಗಿನ ಬಾಯಿ ಯಾಕ ಮುಚ್ಚೀದಿ?"

"ಬಾಯಿ ಬಿಟ್ರ ಕೂಸಿನ ಬೆರಳು ಸಿಗ್ತಾವಲ್ರೀ."

"ಯವ್ವಾ, ಈ ಪ್ಯಾಂಟು ಹಾಕ್ಕೊಳ್ಳಾ ಕೂಸು ಮೀಸಿ ಬಿಟ್ಟಿರ್ತೈತಿ!"

ಇಡೀ ಯೂನಿಟ್ಟು ಮಷೀನು ನಿಲ್ಲಿಸಿ ನಕ್ಕಿತು. ಹೊಲಿದಿದ್ದನ್ನು ಬಿಚ್ಚುತ್ತ ಸಂಜೆಯ ತನಕ ಕೂತಿದ್ದೆ. ಅಳು ನುಂಗಿಕೊಂಡು ಮನೆಗೆ ಬಂದು ಅತ್ತೆಗೆ ಎಲ್ಲ ಹೇಳಿದೆ. ಅವರು ಒಲೆಯ ಮುಂದಿನಿಂದ ತಲೆಯನ್ನೂ ತಿರುಗಿಸಲಿಲ್ಲ.

"ತಪ್ಪು ಅವರದು. ಬಾಯಿ ಬಿಟ್ಟ ಬಟ್ಟಿಗೆ ಯಾರು ಮರ್ಯಾದಿ ಕೊಡ್ತಾರ?"

ಅಂಗಡಿಯಲ್ಲಿ ಮುರಿದ ಸೂಜಿಗಳು

ಇದೆಲ್ಲ ಹಳೆಯ ಮಾತು. ಈಗ ಅತ್ತೆಗೆ ಎಂಬತ್ತರ ಹತ್ತಿರ. ನಾಲಿಗೆ ಮೊದಲಿನಷ್ಟೇ ಚುರುಕು, ಬಲಗೈ ಮಾತ್ರ ಎರಡು ವರ್ಷದಿಂದ ನಡುಗುತ್ತಿದೆ. ಲೋಟ ಹಿಡಿದರೆ ಟೀ ಅರ್ಧ ತಟ್ಟೆಗೆ ಬೀಳುತ್ತದೆ. ಅದನ್ನು ಯಾರಾದರೂ ನೋಡಿದರೆ, "ಟೀ ಆರಸ್ತಿದ್ದೆ" ಎನ್ನುತ್ತಾರೆ.

ಹೀಗಿರುವಾಗ ಮಡಕಶಿರಾ ಕಡೆಯ ಹಳ್ಳಿಗೆ ಕೊಟ್ಟಿದ್ದ ನನ್ನ ಮಗಳು ಬಸುರಿಯಾದಳು. ನಮ್ಮ ಮನೆಯಲ್ಲಿ ಚೊಚ್ಚಲ ಬಾಣಂತಿ ಮತ್ತು ಕೂಸು ಮಲಗುವುದು ಅತ್ತೆ ಹೊಲಿದ ಕೌದಿಯ ಮೇಲೇ. ನಾನೂ ಮಲಗಿದ್ದೆ, ನಾದಿನಿಯರೂ ಮಲಗಿದ್ದರು. ಅತ್ತೆ ಟ್ರಂಕಿನಿಂದ ಹಳೆಯ ಸೀರೆಗಳನ್ನು ತೆಗೆದು ಆರು ಪದರ ಹಾಸಿ ಕೂತರು. ಮೂರು ದಿನ ಒದ್ದಾಡಿದರೂ ಒಂದು ಅಂಚು ಮುಗಿಯಲಿಲ್ಲ. ಬೆರಳ ತುಂಬ ಸೂಜಿ ಚುಚ್ಚಿಕೊಂಡಿದ್ದರು.

"ನಾನು ಹೊಲಿದು ಕೊಡ್ತೀನಿ ಅತ್ತಿ" ಎಂದೆ.

"ನೀ ಹೊಲದ್ರ ಅದು ನಿನ್ನ ಕೌದಿ. ಕೂಸು ಮುತ್ತಜ್ಜಿ ಕೌದಿ ಮ್ಯಾಲೆ ಮಕ್ಕೋಬೇಕು."

ಅವರ ದನಿಯಲ್ಲಿ ಜಗಳ ಇರಲಿಲ್ಲ, ಹೆದರಿಕೆ ಇತ್ತು. ಇದೊಂದು ಕೌದಿ ತಮ್ಮ ಕೈಯಿಂದ ಆಗದಿದ್ದರೆ ಇನ್ನು ಯಾವುದೂ ಆಗುವುದಿಲ್ಲ ಎಂಬ ಹೆದರಿಕೆ. ಕೊನೆಗೆ ಅವರೇ ಒಂದು ದಾರಿ ಕಂಡುಕೊಂಡರು. ಮಷೀನಿನಲ್ಲಿ ಹೊಲಿಯಬಹುದು, ಆದರೆ ಮಷೀನಿನ ಮುಂದೆ ತಾವೇ ಕೂರಬೇಕು, ಮಷೀನನ್ನೂ ತಾವೇ ಆರಿಸಬೇಕು.

ಪೇಟೆಯ ಮಷೀನು ಅಂಗಡಿಗೆ ಹೋದೆವು. ಅಂಗಡಿಯವನು ಕರ್ಚೀಫಿನಷ್ಟು ಬಟ್ಟೆ ಹಾಕಿ ಒಂದೊಂದೇ ಮಷೀನು ಓಡಿಸಿ ತೋರಿಸಿದ. ಒಂದು ಮಷೀನಂತೂ ಗುಂಡಿ ಒತ್ತಿದರೆ ತಾನೇ ಹೂವು ಬಳ್ಳಿ ಹೊಲಿಯುತ್ತಿತ್ತು.

"ಹೂವಿನ ಮ್ಯಾಲೆ ಕೂಸಿನ್ನ ಮಲಗಸ್ತಾರೇನು?" ಎಂದು ಅತ್ತೆ ಅದನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ ಚೀಲದಿಂದ ಆರು ಪದರದ ಕೌದಿಯ ಮೂಲೆಯನ್ನು ಹೊರಗೆಳೆದರು. "ಇದನ್ನ ಹೊಲದು ತೋರ್ಸಪಾ."

ಮೊದಲನೇ ಮಷೀನಿನ ಸೂಜಿ ಟಣ್ ಎಂದು ಮುರಿಯಿತು. ಎರಡನೆಯದರಲ್ಲಿ ಸೂಜಿ ಒಳಗೆ ಹೋಯಿತು, ಹೊರಗೆ ಬರಲಿಲ್ಲ. ಹೂವಿನ ಮಷೀನು ಎರಡು ಸಲ ಗುಂಯ್ ಎಂದು ಸುಮ್ಮನಾಯಿತು. ಅಂಗಡಿಯವನ ಹಣೆಯಲ್ಲಿ ಬೆವರು. ಉಳಿದ ಮಷೀನುಗಳ ಮುಂದೆ ಕೈ ಅಡ್ಡ ಹಿಡಿದು ನಿಂತ.

"ಅಮ್ಮಾ, ನಿಮ್ಮ ಕಾಲಿಗೆ ಬೀಳ್ತೀನ್ರಿ. ಇದಕ್ಕ ಚಪ್ಲಿ ಹೊಲಿಯಾ ಮಷೀನೇ ಬೇಕು."

ಅತ್ತೆ ಕನ್ನಡಕ ಸರಿಮಾಡಿಕೊಂಡರು. "ಹಂಗಂತ ಮೊದ್ಲೇ ಹೇಳಬಾರದೇನು? ತಗಿ, ಅದನ್ನೂ ನೋಡಾಣ."

ಮಷೀನು ಕಾವಿಗೆ ಕೂತಿದೆ

ಮಷೀನು ಹುಡುಕುತ್ತಿದ್ದೇವೆ ಎಂದು ಮಗಳ ಅತ್ತೆಗೆ, ಅಂದರೆ ನಮ್ಮ ಬೀಗತಿಗೆ, ಸುದ್ದಿ ಮುಟ್ಟಿತು. ಅವರು ಫೋನಿನಲ್ಲೇ ಗದರಿದರು. "ಯಾಕಮ್ಮ ಹೊಸ್ದು ತಗಂತೀರಾ? ನಮ್ಮನೇಲಿ ನಮ್ಮತ್ತೆ ಕಾಲದ ಮಷೀನೈತೆ. ಕಬ್ಣ ಕಣಮ್ಮ, ಕಬ್ಣ! ಬಂದು ತಗಂಡೋಗಿ."

ಮಗಳನ್ನು ನೋಡಿದ ಹಾಗೂ ಆಯಿತು ಎಂದು ಹೊರಟೆವು. ಕಲ್ಯಾಣದುರ್ಗದಲ್ಲಿ ಬಸ್ಸು ಬದಲಾಯಿಸಿದಾಗ ಅತ್ತೆ ಕಂಡಕ್ಟರನಿಗೆ ಮುಂಚೆಯೇ ಹೇಳಿಟ್ಟರು. "ನೋಡಪಾ, ಸಂಜಿಗೆ ವಾಪಸ್ ಬರ್ತೀವಿ. ನಮ್ಜೊತಿ ಕಾಲುಮಷೀನು ಇರ್ತೈತಿ. ಹಿಂದಗಡಿ ಜಾಗ ಇಡು." ಅವನು ಅದೇ ಬಸ್ಸಿನಲ್ಲಿ ಸಂಜೆ ತಿರುಗಿ ಬರುವವನು. ಆಗಲಿ ಎಂದ.

ಬೀಗತಿಯ ಮನೆಯ ಹಜಾರದಲ್ಲಿ ಮಷೀನು ಇತ್ತು, ನಿಜ. ಮೇಲೆ ಕಡಲೆಕಾಯಿ ಮೂಟೆ. ಮೂಟೆಯ ಮೇಲೆ ಟಿ.ವಿ. ಅದನ್ನು ಸರಿಸಿ, ಮೂಟೆ ಇಳಿಸಿ, ಧೂಳು ಒರೆಸಿದರೆ ಕೆಳಗಿದ್ದದ್ದು ನಿಜಕ್ಕೂ ಒಳ್ಳೆಯ ಗಟ್ಟಿ ಮಷೀನು. ಅತ್ತೆಯ ಕಣ್ಣು ಅರಳಿತು. ಚಕ್ರ ತಿರುಗಿಸೋಣ ಎಂದು ಕಾಲಿಡುವ ಕಡೆ ಬಗ್ಗಿ ನೋಡಿದರೆ, ಪೆಡಲಿನ ಮೇಲೆ ಹುಲ್ಲು ಹಾಸಿಕೊಂಡು ಒಂದು ಕೋಳಿ ಕೂತಿತ್ತು. ಅದು ನಮ್ಮನ್ನು ನೋಡಿ ಗುರ್ ಎಂದಿತು.

"ಅಯ್ಯೋ, ಇದು ಯಾವಾಗ ಇಲ್ಲಿಗೆ ಬಂತಮ್ಮ?" ಎಂದು ಬೀಗತಿ ಕೋಳಿಯನ್ನು ಎತ್ತಲು ಕೈ ಚಾಚಿದರು. "ಮೊಟ್ಟೆನ ಮಂಕರೀಲಿ ಇಟ್ರೆ ಆಯ್ತು ಬಿಡಿ."

ಅತ್ತೆ ಅವರ ಕೈ ಹಿಡಿದು ನಿಲ್ಲಿಸಿದರು. "ಬ್ಯಾಡ್ರಿ ಬೀಗತ್ಯಾರ. ಬಸುರಿ ಇರಾ ಮನಿಯಾಗ ಕಾವಿಗೆ ಕುಂತಿದ್ದನ್ನ ಎಬ್ಬಸಬಾರ್ದು."

ಮಗಳು ಬಾಗಿಲ ಬಳಿ ನಿಂತು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನಗುತ್ತಿದ್ದಳು. ಇನ್ನು ವಾದಕ್ಕೆ ಜಾಗವಿರಲಿಲ್ಲ. ಮೂಟೆ, ಟಿ.ವಿ. ಎಲ್ಲ ಮತ್ತೆ ಮೇಲಕ್ಕೇರಿದವು. ಊಟ ಮಾಡಿ, ಬೀಗತಿ ಕಟ್ಟಿಕೊಟ್ಟ ಎರಡು ಸೇರು ಕಡಲೆಕಾಯಿ ಹಿಡಿದು ಬಸ್ ಸ್ಟ್ಯಾಂಡಿಗೆ ಬಂದೆವು.

ಆ ಕಂಡಕ್ಟರ್ ಮಾತಿಗೆ ತಪ್ಪುವವನಲ್ಲ. ಹಿಂದಿನ ಉದ್ದನೆಯ ಸೀಟಿಗೆ ಟವೆಲು ಹಾಸಿ, ಜಗಳವಾಡಿ, ಜನರನ್ನೆಲ್ಲ ನಿಲ್ಲಿಸಿಕೊಂಡೇ ಬಂದಿದ್ದ. ನಾವು ಬರೀ ಕಡಲೆಕಾಯಿ ಗಂಟು ಹಿಡಿದು ಹತ್ತಿದ್ದನ್ನು ನೋಡಿ ಅವನ ಮುಖ ಸಣ್ಣದಾಯಿತು.

"ಏಮ್ಮಾ, ಮಷೀನೆಲ್ಲಿ?"

"ಕಾವಿಗೆ ಕುಂತೈತಪಾ" ಎಂದರು ಅತ್ತೆ, ಸೀಟಿನ ಮೇಲೆ ಕಾಲು ಮಡಚಿ ಆರಾಮಾಗಿ ಕೂತು. "ಮರಿ ಮಾಡಿದ ಮ್ಯಾಲೆ ಬರ್ತೀವಿ."

ಕರೆಂಟಿನ ಇಲಿ

ಅಷ್ಟರಲ್ಲಿ ನಮ್ಮ ಯೂನಿಟ್ಟಿನಲ್ಲಿ ಹೊಸ ಮಷೀನು ತರಿಸಿ ಹಳೆಯವನ್ನೆಲ್ಲ ತೆಗೆಯುತ್ತಿದ್ದರು. ಮಾಲೀಕರನ್ನು ಕೇಳಿ, ನಾನು ಕೂರುತ್ತಿದ್ದ ಮಷೀನನ್ನೇ ಮನೆಗೆ ತಂದೆ. ಕರೆಂಟಿನಲ್ಲಿ ಓಡುವ ಪವರ್ ಮಷೀನು, ಜೀನ್ಸ್ ಬಟ್ಟೆಯನ್ನು ಎಂಟು ಪದರ ಇಟ್ಟರೂ ಹೊಲಿಯುತ್ತದೆ. ಬೆವರಿದಾಗಲೆಲ್ಲ ಹಣೆಯಿಂದ ತೆಗೆದು ಅದರ ಮೈಗೆ ಅಂಟಿಸುತ್ತಿದ್ದ ನನ್ನ ಸ್ಟಿಕ್ಕರ್ ಬೊಟ್ಟುಗಳು ಇನ್ನೂ ಅಲ್ಲೇ ಇದ್ದವು. ಕೆಂಪು, ಮೆರೂನು, ಒಂದು ಹಸಿರು. ಅವುಗಳ ಮೇಲೆ ಬೆರಳಾಡಿಸಿದೆ. ಮಗಳನ್ನು ಹೊತ್ತಾಗ ಏಳನೇ ತಿಂಗಳ ತನಕ ನಾನು ಆ ಮಷೀನಿನ ಮುಂದೆಯೇ ಇದ್ದವಳು.

ಅತ್ತೆ ಮಷೀನನ್ನು ಸುತ್ತಿ ನೋಡಿ, ಕೌದಿಯ ಮೂಲೆ ಇಟ್ಟು, ಸೂಜಿ ಮುರಿಯದ್ದನ್ನು ಕಂಡು, "ಇದು ಗಂಡಸು" ಎಂದು ಒಪ್ಪಿದರು. ಆರಿಸುವುದು ಮುಗಿಯಿತು.

ಈ ಮಷೀನಿನ ಗುಣವೆಂದರೆ ಕಾಲು ಮೆಲ್ಲಗೆ ಇಟ್ಟರೆ ಓಡುತ್ತದೆ, ಸ್ವಲ್ಪ ಜೋರಾಗಿ ಇಟ್ಟರೆ ಹಾರುತ್ತದೆ. ಎರಡು ದಿನ ನಾನು ಪಕ್ಕದಲ್ಲೇ ಕೂತು ಕಲಿಸಿದೆ. ಮೂರನೇ ದಿನ, "ನೀ ಹೋಗವಾ, ನಿನ್ನ ನೆಳ್ಳು ಬೀಳ್ತೈತಿ" ಎಂದು ನನ್ನನ್ನು ಅಡುಗೆಮನೆಗೆ ಅಟ್ಟಿದರು. ಗರ್ರ್ ಎಂಬ ಸದ್ದು ಕೇಳುತ್ತಿತ್ತು. ಆಮೇಲೆ ಸದ್ದು ನಿಂತಿತು. ಅದೇ ಹೊತ್ತಿಗೆ ಬಾಗಿಲಲ್ಲಿ ಗ್ಯಾಸ್ ಸಿಲಿಂಡರಿನವನು ಕೂಗಿದ.

ಅತ್ತೆ ಎದ್ದು ಹೋದರು. ಅವರ ಹಿಂದೆ ಕೌದಿಯೂ ಹೋಯಿತು. ಸೆರಗಿನ ಮೂಲೆ ಕೌದಿಗೆ ಸೇರಿ ಹೊಲಿದುಹೋಗಿದ್ದು ಅವರಿಗೆ ಗೊತ್ತೇ ಇರಲಿಲ್ಲ. ಸಿಲಿಂಡರಿನವನು ಅವರನ್ನು ಮೇಲಿಂದ ಕೆಳಗೆ ನೋಡಿದ.

"ಮಕ್ಕೊಂಡಿದ್ರೇನ್ರಿ? ಹಾಸಿಗಿ ಬಿಟ್ಟು ಬರಬೇಕಿಲ್ರಿ ಅಜ್ಜಿ, ನಾ ಕಾಯ್ತಿದ್ದೆ."

ಅವನು ಹೋದ ಮೇಲೆ ನಾನು ಹೊಲಿಗೆ ಬಿಚ್ಚಲು ಕೂತೆ. ಅತ್ತೆ ಕತ್ತರಿ ಕಸಿದುಕೊಂಡು ಸೆರಗಿನ ಮೂಲೆಯನ್ನೇ ಕಚಕ್ಕೆಂದು ಕತ್ತರಿಸಿದರು. "ಇರ್ಲಿ ಬಿಡು. ಹಳೇ ಸೀರಿ ಎಲ್ಲಾರೂ ಹಾಕ್ತಾರ. ಉಟ್ಟ ಸೀರಿದು ಒಂದು ತುಂಡು ಇರ್ಲಿ" ಎಂದರು.

ಅದೇ ಸೀರೆಯನ್ನು ಉಟ್ಟು ಓಣಿಯಲ್ಲಿ ಓಡಾಡುವಾಗ ಮಾತ್ರ, ಸೆರಗಿಗೆ ಏನಾಯಿತು ಎಂದು ಕೇಳಿದವರಿಗೆಲ್ಲ, "ಇಲಿ ಕಡೀತು" ಎನ್ನುತ್ತಿದ್ದರು. ಪಕ್ಕದ ಮನೆಯವರು ಪಾಪ, ಇಲಿ ಬೋನು ತಂದು ಕೊಟ್ಟರು. ಆ ಇಲಿ ಕರೆಂಟಿದ್ದಾಗ ಮಾತ್ರ ಕಡಿಯುತ್ತದೆ ಎಂದು ನಾನು ಹೇಳಲು ಹೋಗಲಿಲ್ಲ.

ಮಷೀನಿನ ಹಸಿವು

ಮಗಳು ಹೆರಿಗೆಗೆ ಬಂದಳು. ಹೆಣ್ಣು ಕೂಸಾಯಿತು. ಕೌದಿ ಅಂಚಿನಿಂದ ಸುತ್ತಿಕೊಂಡು ಬಂದು ನಡುವಿನಲ್ಲಿ ಒಂದು ಗೇಣು ಜಾಗ ಉಳಿದಿತ್ತು. ಆ ಜಾಗಕ್ಕೆ ಒಂದು ಶಾಸ್ತ್ರವಿದೆ. ಜೋಳದ ರೊಟ್ಟಿಯ ಚೂರು, ಬೆಲ್ಲದ ಹರಳು ಇಟ್ಟು ಮೇಲೆ ಕೆಂಪು ಬಟ್ಟೆಯ ತುಂಡು ಹೊಚ್ಚಿ ಹೊಲಿಯಬೇಕು. ಕೌದಿಯ ಹೊಟ್ಟೆ ತುಂಬುವುದು ಎನ್ನುತ್ತಾರೆ. ಕೌದಿ ಹಸಿದಿದ್ದರೆ ಅದರ ಮೇಲೆ ಮಲಗಿದವರಿಗೆ ನಿದ್ದೆ ಹತ್ತುವುದಿಲ್ಲ ಎಂದು ಅತ್ತೆಯ ನಂಬಿಕೆ.

ಕೈಯಲ್ಲಿ ಹೊಲಿಯುವವರು ರೊಟ್ಟಿಯ ಚೂರನ್ನು ಬೆರಳಿನಲ್ಲೇ ತಿಳಿದು ಅದರ ಪಕ್ಕದಿಂದ ಸೂಜಿ ತೆಗೆಯುತ್ತಾರೆ. ಮಷೀನಿಗೆ ಅದೆಲ್ಲಿ ಗೊತ್ತು? ಅತ್ತೆ ಪೆಡಲಿನ ಮೇಲೆ ಕಾಲಿಟ್ಟರು. ಮಷೀನು ರೊಟ್ಟಿಯ ಮೇಲೆ ಹೋಯಿತು, ಬೆಲ್ಲದ ಮೇಲೂ ಹೋಯಿತು, ಕಟಕಟ ಎಂದು ನಿಂತುಬಿಟ್ಟಿತು.

ಯೂನಿಟ್ಟಿನ ಮೆಕ್ಯಾನಿಕ್ಕನನ್ನು ಕರೆಸಿದೆ. ಅವನು ಮಷೀನು ಮಗುಚಿ, ಅಡಿಯ ಮುಚ್ಚಳ ಬಿಚ್ಚಿ, ಟಾರ್ಚು ಹಾಕಿ ನೋಡಿದ. ಬೆರಳಿನಿಂದ ಏನನ್ನೋ ಕೆರೆದು ತೆಗೆದು ಮೂಸಿದ. ಮತ್ತೆ ಮೂಸಿದ.

"ಅಕ್ಕಾ, ನಾನು ಮಷೀನಿನಾಗ ಹಲ್ಲಿ ನೋಡೀನಿ, ಜಿರಳಿ ನೋಡೀನಿ. ಇದು ರೊಟ್ಟಿ ಐತ್ರಿ!"

"ಬೆಲ್ಲಾನೂ ಇರ್ಬೇಕು ನೋಡಪಾ" ಎಂದರು ಅತ್ತೆ ಮಂಚದಿಂದ.

"ಮಷೀನಿಗೆ ಯಾಕ ತಿನಸೀರಿ ಅಜ್ಜಿ?"

"ನಾ ಕೌದಿಗೆ ಇಟ್ಟಿದ್ದೆ. ಇಪ್ಪತ್ತೈದು ವರ್ಷ ನಿಮ್ಮ ಯೂನಿಟ್ಟಿನಾಗ ದುಡದು ಬಂದೈತಿ. ಒಂದು ದಿನಾರ ಉಣ್ಣಾಕ ಕೊಟ್ಟಿದ್ರೇನು?"

ಎರಡು ಹನಿ ಎಣ್ಣೆ

ಮೆಕ್ಯಾನಿಕ್ಕು ಮಷೀನು ಸರಿಮಾಡಿ, ಅದಕ್ಕೆ ಇನ್ನು ಮೇಲೆ ತಿಂಡಿ ತೀರ್ಥ ಏನೂ ಕೊಡಬೇಡಿರೆಂದು ಹೇಳಿ ಹೋದ. ನಡುವಿನ ಗೇಣು ಜಾಗ ಹಾಗೇ ಉಳಿಯಿತು. ಎರಡು ದಿನ ಕಳೆದರೆ ಹೆಸರಿಡುವ ಶಾಸ್ತ್ರ, ಬೀಗರೆಲ್ಲ ಬರುವವರು. ಕೂಸು ಅಂದಿನ ತನಕ ಬೇರೆ ಹಾಸಿಗೆಯ ಮೇಲಿತ್ತು. ನಡು ನಾನು ಹೊಲಿಯಲೇ ಎಂದು ಕೇಳಲು ಬಾಯಿ ತೆರೆದೆ, ಅತ್ತೆಯ ಮುಖ ನೋಡಿ ಮುಚ್ಚಿಕೊಂಡೆ.

ಮರುದಿನ ಬೆಳಿಗ್ಗೆ ಅವರೇ ಕರೆದರು. "ಸೂಜಿ ಪೋಣಿಸಿ ಕೊಡವಾ."

ಕೌದಿಯನ್ನು ತೊಡೆಯ ಮೇಲೆ ಹಾಕಿಕೊಂಡು, ಹೊಸ ರೊಟ್ಟಿಯ ಚೂರು, ಹೊಸ ಬೆಲ್ಲ ಇಟ್ಟು, ಮೇಲೆ ಕೆಂಪು ತುಂಡು ಹೊಚ್ಚಿ, ನಡುಗುವ ಬಲಗೈಯ ಮಣಿಕಟ್ಟನ್ನು ಎಡಗೈಯಿಂದ ಗಟ್ಟಿಯಾಗಿ ಹಿಡಿದು ಒಂದೊಂದೇ ಹೊಲಿಗೆ ಹಾಕತೊಡಗಿದರು. ಒಂದು ಹೊಲಿಗೆ ಹಾಕುವುದು, ಉಸಿರು ಬಿಡುವುದು. ಮೊದಲಾಗಿದ್ದರೆ ಅಷ್ಟು ಹೊತ್ತಿನಲ್ಲಿ ಒಂದು ಅಂಚು ಮುಗಿಸುತ್ತಿದ್ದರು. ಆ ಗೇಣು ಜಾಗಕ್ಕೆ ಮಧ್ಯಾಹ್ನದ ತನಕ ಹಿಡಿಯಿತು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತ ಕಣ್ಣೊರೆಸಿಕೊಂಡೆ. ಸಹಾಯಕ್ಕೆ ಮಾತ್ರ ಹೋಗಲಿಲ್ಲ. ದಾರ ಕಡಿದು, ಕೌದಿ ಕೊಡವಿ, "ಹಾಸು" ಎಂದರು.

ಹೆಸರಿಡುವ ದಿನ ಬೀಗತಿ ಬಂದವರೇ ಕೂಸನ್ನು ಎತ್ತಿಕೊಂಡು, ಹಾಸಿದ್ದ ಕೌದಿಯ ಮೇಲೆ ಕೈಯಾಡಿಸಿದರು. ತಮ್ಮ ಮಷೀನನ್ನು ಬಿಟ್ಟು ಬೇರೆಯದನ್ನು ಆರಿಸಿಕೊಂಡೆವೆಂಬ ಕಸಿವಿಸಿ ಅವರಿಗೆ ಇದ್ದೇ ಇತ್ತು. ಅಂಚಿನ ಹೊಲಿಗೆ ನೇರವಾಗಿತ್ತು, ಏನೂ ಹೇಳಲಾಗಲಿಲ್ಲ. ಕೈ ನಡುವಿಗೆ ಬಂದಾಗ ನಿಂತಿತು. ಕೆಂಪು ತುಂಡಿನ ಸುತ್ತ ಹೊಲಿಗೆ ಒಂದು ಉದ್ದ, ಒಂದು ಗಿಡ್ಡ, ಒಂದು ಆ ಕಡೆ, ಒಂದು ಈ ಕಡೆ.

"ಅಂಚೆಲ್ಲ ಚೆನ್ನಾಗೈತೆ ಕಣಮ್ಮ. ನಡುವ್ಯಾಕೆ ಹಿಂಗೆ? ನಿಮ್ಮ ಮಷೀನು ಕೆಟ್ಟೋಯ್ತಾ?"

ಮಗಳು ನನ್ನ ಮುಖ ನೋಡಿದಳು. ಅತ್ತೆ ಮಾತ್ರ ಗೋಡೆಗೊರಗಿ ಆರಾಮಾಗಿ ಕೂತಿದ್ದರು.

"ಹೌದ್ರಿ ಬೀಗತ್ಯಾರ. ಬಾಳ ಹಳೇ ಮಷೀನು. ನಡುವಿಗೆ ಬರಾದ್ರಾಗ ನಡುಗಾಕ ಹತ್ತಿತು."

"ಅದಕ್ಕೇ ನಾನು ಹೇಳಿದ್ದು, ನಮ್ದು ತಗಂಡೋಗಿ ಅಂತ! ಎಣ್ಣೆ ಬಿಡ್ಬೇಕಮ್ಮ. ಎರಡು ಹನಿ ಎಣ್ಣೆ ಬಿಟ್ಟಿದ್ರೆ ನಡುಕ ನಿಂತೋಗಿರೋದು."

ಅತ್ತೆ ಸೆರಗಿನೊಳಗಿಂದ ಬಲಗೈ ತೆಗೆದು ಅವರ ಮುಂದೆ ಚಾಚಿದರು. ಕೈ ತನ್ನ ಪಾಡಿಗೆ ತಾನು ನಡುಗುತ್ತಿತ್ತು.

"ಬಿಡ್ರಿ ಹಂಗಾರ. ಮಷೀನು ಇಲ್ಲೇ ಐತಿ."

ಬೀಗತಿ ಕೈ ನೋಡಿದರು, ಕೌದಿಯ ನಡು ನೋಡಿದರು, ಮತ್ತೆ ಕೈ ನೋಡಿದರು. ಕೂಸನ್ನು ನನ್ನ ಮಡಿಲಿಗೆ ಹಾಕಿ, ಅದರ ಮೈಗೆ ತಿಕ್ಕಲು ಇಟ್ಟಿದ್ದ ಎಣ್ಣೆ ಬಟ್ಟಲನ್ನು ಹತ್ತಿರ ಎಳೆದುಕೊಂಡರು. ಅತ್ತೆಯ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಬೆರಳು ಬೆರಳಿಗೂ ಎಣ್ಣೆ ತಿಕ್ಕಿದರು. ತಿಕ್ಕುತ್ತ ತಿಕ್ಕುತ್ತ ಅವರಿಗೆ ಮೊದಲು ಅಳು ಬಂತು, ಆಮೇಲೆ ನಗು ಬಂತು. ನಮಗೂ ಬಂತು. ಬಾಗಿಲ ತನಕ ತುಂಬಿದ್ದ ಹೆಂಗಸರೆಲ್ಲ ನಕ್ಕರು.

ಅತ್ತೆ ಎಣ್ಣೆ ಹತ್ತಿದ ಬೆರಳುಗಳನ್ನು ಮಡಚಿ, ಬಿಚ್ಚಿ, ಬೆಳಕಿಗೆ ಹಿಡಿದು ನೋಡಿಕೊಂಡರು. ಆಮೇಲೆ, ಹೆತ್ತು ಇನ್ನೂ ಎರಡು ವಾರವಾಗದ ನನ್ನ ಮಗಳ ಕಡೆ ತಿರುಗಿದರು.

"ಮಷೀನು ರೆಡಿ ಆತು ನೋಡವಾ. ಎರಡನೇದು ಯಾವಾಗ?"